ಉಪ್ಪು ನೆಲದ ಸಿಹಿ ಕಾಳು



ಉಪ್ಪುನೀರು ಕುಡಿದು ಬೆಳೆದ ಜೋಳದ ಕಾಳು ಉಪ್ಪಾಗಿರುತ್ತದೆಯೆ? ಇಲ್ಲ. ಬಾವಿಯ ನೀರನ್ನು ನಾಲಗೆಗೆ ಹಚ್ಚಿದರೆ ಮುಖ ಕಿವುಚುವ ಹಾಗಿರುತ್ತದೆ, ಆದರೆ ಅದೇ ನೀರು ಕುಡಿದ ಗಿಡದ ತೆನೆಯಿಂದ ನಾಲ್ಕು ಕಾಳು ಉಜ್ಜಿ ಬಾಯಿಗೆ ಹಾಕಿಕೊಳ್ಳಿ, ಎಂದಿನ ಸಿಹಿಯೇ ಇರುತ್ತದೆ. ಇದು ಹೇಗೆ ಎಂದು ತಿಳಿದುಕೊಂಡರೆ ಉಪ್ಪಾದ ಹೊಲದಲ್ಲಿ ಏನು ಬಿತ್ತಬಹುದು, ಎಲ್ಲಿಯವರೆಗೆ ಬಿತ್ತಬಹುದು ಎಂಬುದೂ ಅರ್ಧ ತಿಳಿದ ಹಾಗೆ.

ಬೇರು ಮೊದಲ ಕಾವಲುಗಾರ. ನೀರನ್ನು ಒಳಕ್ಕೆ ಬಿಟ್ಟು ಉಪ್ಪಿನ ಬಹುಭಾಗವನ್ನು ಹೊರಗೇ ನಿಲ್ಲಿಸುತ್ತದೆ. ಅದನ್ನು ದಾಟಿ ಬಂದ ಉಪ್ಪು ನೀರಿನ ಜೊತೆ ಕಾಂಡಕ್ಕೆ, ಎಲೆಗೆ ಹೋಗುತ್ತದೆ. ನೀರು ಆವಿಯಾಗಿ ಹೊರಟುಹೋದ ಮೇಲೆ ಉಪ್ಪು ಎಲೆಯಲ್ಲೇ ಉಳಿಯುತ್ತದೆ. ಅದಕ್ಕೇ ಮೊದಲು ಸುಡುವುದು ಕೆಳಗಿನ ಹಳೆಯ ಎಲೆ, ಅದೂ ಅಂಚಿನಿಂದ. ಕಾಳಿಗೆ ಮಾತ್ರ ಬೇರಿನಿಂದ ಬರುವ ಹಸಿ ನೀರು ನೇರವಾಗಿ ಹೆಚ್ಚು ಹೋಗುವುದಿಲ್ಲ. ಎಲೆಯಲ್ಲಿ ಬಿಸಿಲಿನಿಂದ ಬೆಂದ ಅಡುಗೆ ಇದೆಯಲ್ಲ, ಆ ಸಕ್ಕರೆಯ ರಸವೇ ಕಾಳಿನ ಮುಖ್ಯ ಊಟ. ಆ ರಸದಲ್ಲಿ ಉಪ್ಪು ಬಹಳ ಕಡಿಮೆ. ತಾಯಿ ಗಂಜಿ ಕುಡಿದು ಮಗುವಿಗೆ ಹಾಲು ಕೊಟ್ಟ ಹಾಗೆ ಎನ್ನಿ.

ಆದರೆ ಈ ಕಾವಲು ಬಿಟ್ಟಿಯಾಗಿ ನಡೆಯುವುದಿಲ್ಲ. ಗಿಡದ ಶಕ್ತಿ ಅದಕ್ಕೆ ಖರ್ಚಾಗುತ್ತದೆ. ಹಾಗಾಗಿ ಕಾಳಿನ ರುಚಿ ಕೆಡುವುದಿಲ್ಲ, ಕಾಳಿನ ಲೆಕ್ಕ ಕಡಿಮೆಯಾಗುತ್ತದೆ. ಯಾವ ಬೆಳೆಯಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಇವತ್ತಿನ ಮಾತು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳವರಿಗೆ ಈ ಮಾತು ಏಕೆ ಬೇಕು ಎಂದು ನೊಯ್ಯಲ್ ದಡದವರನ್ನು ಕೇಳಬೇಕಾಗಿಲ್ಲ. ವೆಳ್ಳಿಂಗಿರಿ ಬೆಟ್ಟದಲ್ಲಿ ಹುಟ್ಟುವ ಈ ಹೊಳೆ ಕೊಯಮತ್ತೂರು, ತಿರುಪ್ಪೂರು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿ ಸೇರುತ್ತದೆ. ಚೆನ್ನಿಮಲೆಯ ಹತ್ತಿರ ಒರತ್ತುಪಾಳೆಯದಲ್ಲಿ 1992ರಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದರು. ನೀರಾವರಿಗೆಂದು ಕಟ್ಟಿದ ಕಟ್ಟೆಯಲ್ಲಿ ತಿರುಪ್ಪೂರಿನ ಸಾಯಪಟ್ಟರೆಗಳ ನೀರು ಬಂದು ನಿಂತಿತು. ನಿಂತ ನೀರು ಸುತ್ತಲಿನ ಬಾವಿಗಳಿಗೆ ಇಳಿಯಿತು. ರೈತರು ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಪರಿಸರ ನಷ್ಟ ಪ್ರಾಧಿಕಾರ 2004ರಲ್ಲಿ 28,596 ರೈತರನ್ನು ಗುರುತಿಸಿ ಸುಮಾರು 24.8 ಕೋಟಿ ರೂಪಾಯಿ ಪರಿಹಾರ ಎಂದು ಲೆಕ್ಕ ಕಟ್ಟಿತು. ಹಂಚಿ ನೋಡಿ, ತಲೆಗೆ ಒಂಬತ್ತು ಸಾವಿರವೂ ಬರುವುದಿಲ್ಲ. 2006ರ ಡಿಸೆಂಬರಿನಲ್ಲಿ ಹೈಕೋರ್ಟು, 2009ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟವು. ಕೊನೆಗೆ 2011ರ ಜನವರಿಯಲ್ಲಿ, ಒಂದು ಹನಿಯನ್ನೂ ಹೊರಗೆ ಬಿಡದ ಏರ್ಪಾಡು ಮಾಡಿಕೊಳ್ಳುವ ತನಕ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಹೈಕೋರ್ಟು ಆಜ್ಞೆ ಮಾಡಿತು.

ಬಣ್ಣಕ್ಕೂ ಉಪ್ಪಿಗೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ಹತ್ತಿನೂಲು ನೀರಿನಲ್ಲಿ ನೆನೆದಾಗ ಅದರ ಮೈಮೇಲೆ ಋಣ ವಿದ್ಯುತ್ತು ಇರುತ್ತದೆ. ಬಣ್ಣಕ್ಕೂ ಅದೇ ಋಣ. ಎರಡೂ ಒಂದನ್ನೊಂದು ತಳ್ಳುತ್ತವೆ. ನಡುವೆ ಸಂಧಾನ ಮಾಡಿಸುವುದು ಉಪ್ಪು. ಒಂದು ಲೀಟರು ಬಣ್ಣದ ನೀರಿಗೆ ಮೂವತ್ತು, ನಲವತ್ತು ಗ್ರಾಂನಿಂದ ಹಿಡಿದು, ಗಾಢ ಬಣ್ಣವಾದರೆ ಎಂಬತ್ತು ಗ್ರಾಂವರೆಗೂ ಹಾಕುತ್ತಾರೆ. ಸಂಧಾನ ಮುಗಿದ ಮೇಲೆ ಉಪ್ಪು ಬಟ್ಟೆಯ ಜೊತೆ ಹೋಗುವುದಿಲ್ಲ, ಅಷ್ಟೂ ನೀರಿನಲ್ಲೇ ಉಳಿಯುತ್ತದೆ. ನಮ್ಮಲ್ಲಿ ಸಿರುಮುಗೈ, ನೆಗಮಂ ಕಡೆಯ ದೇವಾಂಗ ಮನೆಗಳಲ್ಲಿ ಮಗ್ಗದ ಸದ್ದಿನ ಜೊತೆ ಕನ್ನಡವನ್ನೂ ಕೇಳಬಹುದು. ಬಣ್ಣದ ನೂಲಿಲ್ಲದೆ ಆ ಮನೆಗಳು ನಡೆಯುವುದಿಲ್ಲ. ಆದ್ದರಿಂದ ಬಣ್ಣ ಹಾಕುವವರು ಯಾರೋ, ಕಷ್ಟಪಡುವವರು ಯಾರೋ ಎಂದು ಮಾತನಾಡಲು ನನಗೆ ನಾಲಗೆ ಬಾರದು.

ಹೊಸದಾಗಿ ಉಪ್ಪುನೀರು ಬರುವುದು ನಿಂತರೂ ನೆಲದೊಳಗೆ ಇಳಿದ ಉಪ್ಪು ತಾನಾಗಿ ಎದ್ದು ಹೋಗುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಬಾವಿಯ ನೀರು 2000 ಪಿಪಿಎಂ ಎಂದರೆ ಸಾವಿರ ಲೀಟರಿಗೆ ಎರಡು ಕಿಲೊ ಉಪ್ಪು. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಿದರೆ ಸುಮಾರು ಒಂದು ಲಕ್ಷ ಲೀಟರು, ಅಂದರೆ 200 ಕಿಲೊ ಉಪ್ಪು. ಎರಡೆರಡು ಅಂಗುಲದಂತೆ ಒಂದು ಬೆಳೆಗೆ ಹತ್ತು ಸಲ ನೀರು ಕಟ್ಟಿದಿರಿ ಎಂದಿಟ್ಟುಕೊಳ್ಳಿ. ನಾಲ್ಕು ಟನ್ನು. ಐವತ್ತು ಕಿಲೊ ಚೀಲಗಳಲ್ಲಿ ತುಂಬಿದರೆ ಎಂಬತ್ತು ಚೀಲ. ಯಾರಾದರೂ ಬಂದು ನಿಮ್ಮ ಒಂದೆಕರೆಗೆ ಎಂಬತ್ತು ಚೀಲ ಉಪ್ಪು ಸುರಿದರೆ ನೀವು ಪೊಲೀಸರನ್ನು ಕರೆಯುತ್ತೀರಿ. ಇಲ್ಲಿ ನಾವೇ ಮೋಟಾರು ಹಾಕಿ, ರಾತ್ರಿ ನಿದ್ದೆಗೆಟ್ಟು ಸುರಿದುಕೊಳ್ಳುತ್ತಿದ್ದೇವೆ.

ಈಗ ಬೆಳೆಗಳ ಮಾತಿಗೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿವರ್‌ಸೈಡ್ ಎಂಬ ಊರಿದೆ. ಅಲ್ಲಿನ ಲವಣ ಪ್ರಯೋಗಾಲಯದ ಮಾಸ್ ಮತ್ತು ಹಾಫ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು 1977ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಆಮೇಲೆ ಅದಕ್ಕೆ ಇನ್ನಷ್ಟು ಬೆಳೆಗಳು ಸೇರಿದವು. ಇಂದಿಗೂ ಲೋಕವೆಲ್ಲ ಆ ಪಟ್ಟಿಯನ್ನೇ ನೋಡುತ್ತದೆ. ಅದರಲ್ಲಿ ಪ್ರತಿ ಬೆಳೆಗೂ ಎರಡು ಅಂಕಿಗಳಿವೆ: ಮಣ್ಣಿನ ಉಪ್ಪು ಎಷ್ಟಾಗುವ ತನಕ ಬೆಳೆ ಸಹಿಸುತ್ತದೆ ಎಂಬುದು ಒಂದು, ಅದು ಮೀರಿದ ಮೇಲೆ ಒಂದೊಂದು ಅಂಶಕ್ಕೂ ಇಳುವರಿ ನೂರಕ್ಕೆ ಎಷ್ಟು ಇಳಿಯುತ್ತದೆ ಎಂಬುದು ಇನ್ನೊಂದು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇ.ಸಿ. ಎಂದು ಬರೆದಿರುತ್ತಾರಲ್ಲ, ಅದೇ ಅಳತೆ. ಒಂದು ಎಚ್ಚರಿಕೆ. ಈ ಪಟ್ಟಿಯ ಅಂಕಿ ಮಣ್ಣನ್ನು ನೀರಿನಲ್ಲಿ ಕೆಸರಾಗುವಷ್ಟು ಮಾತ್ರ ನೆನೆಸಿ ಹಿಂಡಿ ತೆಗೆದ ರಸದ್ದು. ಹೆಚ್ಚು ನೀರು ಬೆರೆಸಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ಯಾವ ವಿಧಾನದಲ್ಲಿ ಅಳೆದಿರಿ ಎಂದು ಪ್ರಯೋಗಾಲಯದವರನ್ನು ಕೇಳಿಯೇ ಚೀಟಿ ತೆಗೆದುಕೊಳ್ಳಿ.

ನಿಮ್ಮ ಹೊಲದ ಅಂಕಿ ಆರು ಎಂದು ಬಂತು ಎನ್ನೋಣ. ನೆಲಗಡಲೆ, ಅಂದರೆ ನಿಲಕ್ಕಡಲೈ, ಮೂರು ಚಿಲ್ಲರೆಯವರೆಗೆ ಮಾತ್ರ ಸಹಿಸುತ್ತದೆ. ಆರಕ್ಕೆ ಬರುವ ಹೊತ್ತಿಗೆ ನೂರಕ್ಕೆ ಎಂಬತ್ತು ಹೋಯಿತು. ಮುಸುಕಿನ ಜೋಳ, ಮಕ್ಕಾಚೋಳಂ, ಅರ್ಧ ಹೋಯಿತು. ಅಲಸಂದೆ, ತಟ್ಟೈಪಯರು, ಸುಮಾರು ಹದಿಮೂರು ಮಾತ್ರ ಹೋಯಿತು. ಬಿಳಿಜೋಳಕ್ಕೆ ಏನೂ ಆಗಲಿಲ್ಲ, ಅದು 6.8ರವರೆಗೆ ತಡೆಯುತ್ತದೆ. ಹತ್ತಿ 7.7ರವರೆಗೆ. ಇನ್ನು ಗೋರಿಕಾಯಿ ಇದೆಯಲ್ಲ, ನಿಮ್ಮ ಪಕ್ಕದ ಮನೆಯವರು ಕೊತ್ತವರೈ ಅನ್ನುವುದು, ಅದು 8.8ರವರೆಗೆ ತಲೆ ಎತ್ತಿ ನಿಲ್ಲುತ್ತದೆ. ಬಾರ್ಲಿಯದು ಎಂಟು. ಆದರೆ ಬಾರ್ಲಿಗೆ ಚಳಿ ಬೇಕು. ನೀಲಗಿರಿಯಲ್ಲಿ ಬಡಗರು ಬೆಳೆದುಕೊಂಡು ಬಂದದ್ದು ಅದಕ್ಕೇ. ತಿರುಪ್ಪೂರಿನ ಬಿಸಿಲಿಗೆ ಅದರ ಮಾತು ಬೇಡ.

ಈಗ ಅಂಕಿಯನ್ನು ಆರರಿಂದ ಹತ್ತಕ್ಕೆ ಏರಿಸಿ ನೋಡಿ. ಜೋಳ ಅರ್ಧಕ್ಕೆ ಕುಸಿಯುತ್ತದೆ, ಏಕೆಂದರೆ ಹದ ಮೀರಿದ ಮೇಲೆ ಅದು ಒಂದೊಂದು ಅಂಶಕ್ಕೂ ನೂರಕ್ಕೆ ಹದಿನಾರರಂತೆ ಕಳೆದುಕೊಳ್ಳುತ್ತದೆ. ಗೋರಿಕಾಯಿ ಐದರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ಹತ್ತಿ ನೂರಕ್ಕೆ ಹನ್ನೆರಡು ಮಾತ್ರ. ತಡೆಯುವ ಗಿಡ ಎಂದರೆ ಎಲ್ಲವೂ ಒಂದೇ ತರಹ ತಡೆಯುವುದಿಲ್ಲ. ಜೋಳ ಗಟ್ಟಿಯಾಗಿ ನಿಂತು ಒಮ್ಮೆಲೇ ಬೀಳುವ ಜಾತಿ, ಹತ್ತಿ ನಿಧಾನವಾಗಿ ಬಾಗುವ ಜಾತಿ. ಸಜ್ಜೆ, ಅಂದರೆ ಕಂಬು, ರಾಗಿ, ಅಂದರೆ ಕೇಳ್ವರಗು, ಇವೆರಡೂ ಮಧ್ಯಮವಾಗಿ ತಡೆಯುವ ಗುಂಪಿನವು. ಹಿಂದೆ ಈ ಕಡೆಯ ಮಳೆಯಾಧಾರದ ಹೊಲಗಳಲ್ಲಿ ಜೋಳ, ಸಜ್ಜೆಗಳೇ ಇದ್ದವು. ಬೋರು ಬಂದ ಮೇಲೆ ಅವನ್ನು ಬಡವರ ಬೆಳೆ ಎಂದು ಬಿಟ್ಟೆವು. ಉಪ್ಪು ಬಂದು ಮತ್ತೆ ಅವುಗಳ ಬಾಗಿಲಿಗೇ ಕರೆದುಕೊಂಡು ಬಂದಿದೆ.

ತಿನ್ನುವ ಕಾಳಿನ ಮಾತಿನಲ್ಲಿ ಹತ್ತಿಯನ್ನೇಕೆ ತಂದಿರಿ ಎನ್ನಬೇಡಿ. ಹತ್ತಿಬೀಜ ನೆನೆಹಾಕಿ, ರುಬ್ಬಿ, ಹಿಂಡಿ, ಬೆಲ್ಲ ಶುಂಠಿ ಹಾಕಿ ಕುದಿಸಿದ ಪರುತ್ತಿಪಾಲ್ ಕುಡಿಯದವರು ತಮಿಳುನಾಡಿನಲ್ಲಿ ಎಷ್ಟು ಜನ ಇದ್ದಾರು? ಬೀಜದಿಂದ ಅಡುಗೆ ಎಣ್ಣೆ ಬರುತ್ತದೆ, ಹಿಂಡಿ ಎಮ್ಮೆಗೆ ಹೋಗುತ್ತದೆ. ಹಸಿ ಬೀಜದಲ್ಲಿ ಗಾಸಿಪಾಲ್ ಎಂಬ ವಿಷದ ಅಂಶ ಇದೆ. ಅದಕ್ಕೇ ಕುದಿಸದೆ ಕುಡಿಯಬಾರದು, ಕರುಗಳಿಗೆ, ಕೋಳಿಗಳಿಗೆ ಹಾಕಬಾರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಬೋಡಿಯ ಹತ್ತಿ ಬಂದ ಮೇಲೆಯೇ ಕೊಯಮತ್ತೂರಿನ ಗಿರಣಿಗಳಿಗೆ ಮೈ ಬಂದದ್ದು. ಹತ್ತಿಯ ಬಟ್ಟೆಗೆ ಬಣ್ಣ ಹಾಕಿದ ನೀರು ನೆಲ ಕೆಡಿಸಿತು. ಆ ನೆಲದಲ್ಲಿ ಕೊನೆಯವರೆಗೆ ನಿಲ್ಲುವ ಬೆಳೆಗಳಲ್ಲಿ ಹತ್ತಿಯೂ ಒಂದು. ಇದನ್ನು ನ್ಯಾಯ ಎನ್ನಬೇಕೋ ವಿಡಂಬನೆ ಎನ್ನಬೇಕೋ ನೀವೇ ಹೇಳಿ.

ಉಪ್ಪಿನಲ್ಲಿ ಕಾಳು ಬೆಳೆಯುವ ವಿದ್ಯೆಯನ್ನು ಕನ್ನಡ ನಾಡಿನ ಕರಾವಳಿಯವರು ಬಹಳ ಹಿಂದಿನಿಂದ ಬಲ್ಲರು. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಗಜನಿ ಎಂಬ ತಗ್ಗು ಗದ್ದೆಗಳಿವೆ. ಭರತ ಬಂದಾಗ ಅಲ್ಲಿಗೆ ಕಡಲ ನೀರು ನುಗ್ಗುತ್ತದೆ. ಅಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಕೇರಳದ ಪೊಕ್ಕಾಳಿಯೂ ಇದೇ ಬಗೆಯದು. ಕಗ್ಗವು ಉಪ್ಪನ್ನು ಗೆದ್ದುಬಿಟ್ಟಿದೆ ಎಂದು ಊರವರು ಬಿಸಿಲುಗಾಲದಲ್ಲಿ ಬಿತ್ತುವುದಿಲ್ಲ ಎಂಬುದನ್ನು ಮಾತ್ರ ಗಮನಿಸಿ. ಮುಂಗಾರಿನ ಮಳೆ ಗದ್ದೆಯನ್ನು ತೊಳೆದು ಉಪ್ಪನ್ನು ತೆಳುಮಾಡುವ ತನಕ ಕಾಯುತ್ತಾರೆ, ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ, ಉಪ್ಪು ಮತ್ತೆ ಏರುವುದರೊಳಗೆ ಕೊಯ್ದುಬಿಡುತ್ತಾರೆ. ಉಳಿದ ತಿಂಗಳುಗಳಲ್ಲಿ ಆ ಗದ್ದೆ ಸಿಗಡಿಗೆ, ಮೀನಿಗೆ. ಬೀಜದ ಗುಣ ಅರ್ಧ, ಮಳೆಯ ಲೆಕ್ಕ ಅರ್ಧ.

ಕಡಲಿಲ್ಲದ ನಮಗೂ ಇದು ಹೊಂದುತ್ತದೆ. ಕೊಂಗುನಾಡಿಗೆ ದೊಡ್ಡ ಮಳೆ ಹಿಂಗಾರು. ವರ್ಷದ ಆರು ಏಳು ನೂರು ಮಿಲಿಮೀಟರಿನಲ್ಲಿ ಹೆಚ್ಚಿನ ಪಾಲು ಐಪ್ಪಸಿಯ ಹಿಂದುಮುಂದೆ ಬೀಳುತ್ತದೆ. ಆ ಮಳೆಯ ಮುಂಚೆ ಬದು ಕಟ್ಟಿ, ನೆಲ ಉತ್ತು, ಬಿದ್ದ ಹನಿ ಹೊರಗೆ ಹರಿಯದಂತೆ ನಿಲ್ಲಿಸಿದರೆ ಮೇಲಿನ ಒಂದಡಿಯ ಉಪ್ಪು ಕೆಳಗಿಳಿಯುತ್ತದೆ. ಆಮೇಲೆ ಬಿತ್ತಿ. ಜೋಳ, ಸಜ್ಜೆಗಳಿಗೆ ಅತ್ಯಂತ ಕಷ್ಟದ ವಯಸ್ಸು ಮೊಳಕೆ ಮತ್ತು ಮೊದಲ ಮೂರು ವಾರ. ಆ ಹೊತ್ತು ಮಳೆಯ ನೀರಿನಲ್ಲಿ ಕಳೆದುಹೋದರೆ ಮುಂದೆ ಒಂದೆರಡು ಸಲ ಬಾವಿಯ ಸಪ್ಪೆ ಉಪ್ಪುನೀರು ಕೊಟ್ಟರೂ ತಡೆದುಕೊಳ್ಳುತ್ತವೆ. ರಾಗಿಯಾದರೆ ಇನ್ನೊಂದು ಅನುಕೂಲ ಇದೆ, ತಾಳವಾಡಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ: ಸಿಹಿನೀರು ಇರುವ ಕಡೆ ಒಟ್ಲು ಹಾಕಿ, ಪೈರು ಬಲಿತ ಮೇಲೆ ಉಪ್ಪಿನ ಹೊಲಕ್ಕೆ ನಾಟಿ ಮಾಡಿ.

ದಿಣ್ಣೆ ಸಾಲು ಮಾಡಿ ಬಿತ್ತುವವರು ಇನ್ನೊಂದು ಸಂಗತಿ ನೋಡಬೇಕು. ಕಾಲುವೆಯ ನೀರು ದಿಣ್ಣೆಯೊಳಗೆ ಏರುತ್ತಾ ಉಪ್ಪನ್ನು ತಲೆಯ ಮೇಲೆ ಕೂಡಿಹಾಕುತ್ತದೆ. ಬೆಳಿಗ್ಗೆ ದಿಣ್ಣೆಯ ನೆತ್ತಿಯಲ್ಲಿ ಬೆಳ್ಳಗೆ ಬೂದಿ ಹಚ್ಚಿದ ಹಾಗೆ ಕಾಣುವುದು ಅದೇ. ಬೀಜವನ್ನು ನೆತ್ತಿಯಲ್ಲಿ ಇಡಬೇಡಿ, ಇಳಿಜಾರಿನ ಹೆಗಲ ಮೇಲೆ ಇಡಿ. ಖರ್ಚಿಲ್ಲದ ಉಪಾಯ.

ಇನ್ನು ದೂರದ ದೇಶಗಳ ಗಿಡಗಳ ವಿಷಯ. ಪತ್ರಿಕೆಗಳಲ್ಲಿ ಓದಿ ಕೆಲವರು ಆಸೆಪಟ್ಟಿದ್ದೀರಿ. ಸ್ಯಾಲಿಕೋರ್ನಿಯಾ ಎಂಬ ಗಿಡವಿದೆ, ತಮಿಳುನಾಡಿನ ಕಡಲತೀರದಲ್ಲಿ ಉಮರಿ ಎನ್ನುವ ಗುಂಪಿನದು. ಅದರ ಒಂದು ಜಾತಿಯನ್ನು ಮೆಕ್ಸಿಕೋದ ಮರಳಿನಲ್ಲಿ ಬರೀ ಸಮುದ್ರದ ನೀರು ಕಟ್ಟಿ ಬೆಳೆದು, ಹೆಕ್ಟೇರಿಗೆ ಸುಮಾರು ಎರಡು ಟನ್ನು ಬೀಜ ತೆಗೆದ ವರದಿ 1991ರಲ್ಲಿ ಬಂತು. ಬೀಜದಲ್ಲಿ ನೂರಕ್ಕೆ ಮೂವತ್ತರ ಆಸುಪಾಸು ಎಣ್ಣೆ, ಅಷ್ಟೇ ಸಸಾರಜನಕ. ಕಾಂಡ ಅಗಿದರೆ ಉಪ್ಪು, ಬೀಜದ ಎಣ್ಣೆ ಅಡುಗೆಗೆ ಆಗುವಂಥದು. ಆಶ್ಚರ್ಯವೇ ಸರಿ. ಆದರೆ ಅದು ಕಡಲ ದಂಡೆಯ ಗಿಡ, ಉಪ್ಪುನೀರು ಹೇರಳವಾಗಿ ಹರಿದು ಹಿಂದಕ್ಕೆ ಹೋಗುವ ಜಾಗ ಬೇಕು. ಕಾಂಗೇಯದ ಹೊಲಕ್ಕೆ ಕಡಲ ನೀರಿನಷ್ಟು ಉಪ್ಪು ಹಾಕಿದರೆ ಉಮರಿ ಬದುಕೀತು, ಊರು ಬದುಕದು. ಕ್ವಿನೋವಾದ ಮಾತು ಬೇರೆ. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಉಪ್ಪಿನ ಬಯಲಿನ ಅಂಚಿನಲ್ಲೇ ಬೆಳೆಯುವ ಕಾಳು ಅದು, 2013ನ್ನು ವಿಶ್ವಸಂಸ್ಥೆ ಅದರ ಹೆಸರಿನ ವರ್ಷವೆಂದೇ ಆಚರಿಸಿತು. ಆಂಧ್ರ, ರಾಜಸ್ಥಾನಗಳಲ್ಲಿ ಬೆಳೆದು ನೋಡಿದ್ದಾರೆ. ಸಿಪ್ಪೆಯಲ್ಲಿ ಸೀಗೆಯಂಥ ನೊರೆ ಬರುವ ಕಹಿ ಇರುತ್ತದೆ, ಉಜ್ಜಿ ತೊಳೆಯಬೇಕು. ಕೊಳ್ಳುವವರ ಜೊತೆ ಮೊದಲು ಮಾತಾಗದೆ ಅದಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಸಲಹೆ. ಸಜ್ಜೆ ಮಿಕ್ಕರೆ ಮನೆಯಲ್ಲಿ ರೊಟ್ಟಿಯಾಗುತ್ತದೆ, ಹಸುವಿಗೆ ಆಗುತ್ತದೆ. ಕ್ವಿನೋವಾ ಮಿಕ್ಕರೆ ಚೀಲದಲ್ಲಿ ಕೂರುತ್ತದೆ.

ಕಾಳಿನಲ್ಲಿ ಉಪ್ಪು ಸೇರುವುದಿಲ್ಲ ಎಂದೆ. ಬಣ್ಣದ ನೀರಿನಲ್ಲಿ ಇರುವುದೆಲ್ಲವೂ ಸೇರುವುದಿಲ್ಲ ಎಂದು ನಾನು ಹೇಳಲಿಲ್ಲ. ಕೆಲವು ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂ ಇರುತ್ತವೆ. ಸಾಮಾನ್ಯವಾಗಿ ಇಂಥ ಲೋಹಗಳು ಬೇರಿನಲ್ಲೂ ಎಲೆಯಲ್ಲೂ ಹೆಚ್ಚು, ಕಾಳಿನಲ್ಲಿ ಕಡಿಮೆ. ಹಾಗೆಂದು ಪರೀಕ್ಷೆ ಬಿಡಬಾರದು. ಬಹುಕಾಲ ಕಾರ್ಖಾನೆಯ ನೀರು ನಿಂತಿದ್ದ ಹೊಲವಾದರೆ ಕೀರೆ ಸೊಪ್ಪು, ಮೂಲಂಗಿ ಹಾಕಲೇಬೇಡಿ. ಲೋಹದ ಪರೀಕ್ಷೆ ಆಗಿ ಚೀಟಿ ಕೈಗೆ ಬರುವ ತನಕ ಹತ್ತಿ ಹಾಕಿ ನೂಲಿಗೆ ಮಾರಿ. ಮಕ್ಕಳ ತಟ್ಟೆಗೆ ಹೋಗುವ ಕಾಳಿನ ವಿಷಯದಲ್ಲಿ ಅಂದಾಜು ಸಾಲದು.

ಉಪ್ಪು ತಡೆಯುವ ಬೆಳೆ ಹಾಕುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಗಿಡವೇ ಉಪ್ಪನ್ನೆಲ್ಲ ಹೀರಿ ಹೊಲ ಸಿಹಿಯಾಗುತ್ತದೆ ಎಂದು ಹೇಳುವವರಿದ್ದಾರೆ. ಜೋಳಕ್ಕೆ ಆ ಕೆಲಸ ಆಗದು. ಉಪ್ಪನ್ನು ಒಳಗೆ ಬಿಡದಿರುವುದೇ ಅದರ ಜಾಣತನ, ಬಿಡದ ಮೇಲೆ ಹೊರುವುದೆಲ್ಲಿಂದ? ಎಂಬತ್ತು ಚೀಲದ ಲೆಕ್ಕ ನೆನಪಿಡಿ. ಉಪ್ಪನ್ನು ಕೆಳಗಿಳಿಸುವುದು ಮಳೆ ಒಂದೇ. ಇಳಿದದ್ದು ಬಂಡೆಯ ಸಂದಿಗಳಲ್ಲಿ ಹರಿದು ಮತ್ತೆ ಬಾವಿಗೆ ಬರುವ ನೆಲ ನಮ್ಮದು. ಹಾಗಾಗಿ ಬಾವಿಗೂ ಮಳೆಯ ನೀರು ಸೇರಿ ತೆಳುವಾಗಬೇಕು. ಕೃಷಿ ಹೊಂಡ, ಊರ ಕೆರೆ, ಬಾವಿಯ ಪಕ್ಕದ ಇಂಗುಗುಂಡಿ ಇವೆಲ್ಲ ಅದಕ್ಕೇ. ಭವಾನಿಯ ಹೆಚ್ಚುವರಿ ನೀರನ್ನು ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬುವ ಅತ್ತಿಕಡವು-ಅವಿನಾಶಿ ಯೋಜನೆ 2024ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ನಿಮ್ಮ ಊರ ಕುಂಟೆ ಆ ಪಟ್ಟಿಯಲ್ಲಿದ್ದರೆ, ಅದರ ಹೂಳು ತೆಗೆದಿದೆಯೇ, ನೀರು ಬರುವ ದಾರಿ ಒತ್ತುವರಿಯಾಗಿದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಇನ್ನು ಪರೀಕ್ಷೆಗೆ ಮಣ್ಣು ತೆಗೆಯುವ ಕ್ರಮ ಹೇಳಿ ಮುಗಿಸುತ್ತೇನೆ. ಮಳೆ ಬಿದ್ದ ಮಾರನೆಯ ದಿನ ತೆಗೆಯಬೇಡಿ, ಉಪ್ಪು ಕಡಿಮೆ ತೋರಿಸುತ್ತದೆ. ಚಿತ್ತಿರೈ, ವೈಕಾಸಿಯ ಬಿಸಿಲಿನಲ್ಲಿ ಒಂದು ಸಲ, ಬಿತ್ತನೆಗೆ ಮುಂಚೆ ಇನ್ನೊಂದು ಸಲ ತೆಗೆಯಿರಿ. ಮೇಲಿನ ಬಿಳಿ ಪೊರೆಯನ್ನು ಮಾತ್ರ ಕೆರೆದು ಒಯ್ಯಬೇಡಿ. ಅರ್ಧ ಅಡಿಯ ಮಣ್ಣು ಒಂದು ಚೀಲ, ಅದರ ಕೆಳಗಿನ ಅರ್ಧ ಅಡಿ ಬೇರೆ ಚೀಲ, ಹೊಲದ ಏಳೆಂಟು ಕಡೆಯಿಂದ ಕೂಡಿಸಿದ್ದು. ಬಾವಿಯ ನೀರನ್ನು ಮೋಟಾರು ಕಾಲು ಗಂಟೆ ಓಡಿದ ಮೇಲೆ ಬಾಟಲಿಗೆ ಹಿಡಿಯಿರಿ. ಇ.ಸಿ. ಜೊತೆಗೆ ಸೋಡಿಯಂ ಎಷ್ಟೆಂದೂ ಕೇಳಿ. ಏಕೆಂದರೆ ಉವರ್ ಮಣ್ಣಿಗೆ ಮಳೆ ಸಾಕಾಗಬಹುದು, ಸೋಡಿಯಂ ಹಿಡಿದು ಗಾರೆಯಂತೆ ಬಿಗಿದ ಕಳರ್ ಮಣ್ಣಿಗೆ ಮೊದಲು ಜಿಪ್ಸಂ ಬೇಕು, ಅದೂ ಲೆಕ್ಕ ಹಾಕಿ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರಗಳಲ್ಲೂ ಈ ಪರೀಕ್ಷೆ ಮಾಡಿಕೊಡುತ್ತಾರೆ. ಚೀಟಿ ತಮಿಳಿನಲ್ಲಿ ಬರುತ್ತದೆ. ಓದಲು ತೊಡಕಾದ ಹಿರಿಯರಿಗೆ ಮನೆಯ ಶಾಲೆಯ ಮಕ್ಕಳು ಓದಿ ಹೇಳಲಿ.